ಮೇಕೆ ಮೇಷ್ಟ್ರು ಮತ್ತು ನನ್ನ ಮೀಸೆ

“ಒಂದು ಪುಸ್ತಕವನ್ನು ಕೊಲ್ಲಬೇಕೆಂದರೆ ಸುಡಬೇಕಾಗಿಲ್ಲ. ಅದನ್ನು ಸಿನಿಮಾ ಮಾಡಿದರೆ ಸಾಕು.”

ಇದು ನನ್ನದೇ ವಾಕ್ಯ. ಬರೆದು ಮುಗಿಸಿ, ಪೆನ್ನಿಗೆ ಟೋಪಿ ಹಾಕಿ, ದುಂಡು ಕನ್ನಡಕವನ್ನು ಹಣೆಗೇರಿಸಿ, ಮೀಸೆಯ ಎಡತುದಿಯನ್ನೊಮ್ಮೆ ಬಲತುದಿಯನ್ನೊಮ್ಮೆ ತಿರುವಿ, ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಗಳ ಉಗುರು ಕತ್ತರಿಸುತ್ತಿದ್ದ ಅವಳು ತಲೆ ಎತ್ತದೆ, “ಚೆನ್ನಾಗಿದೆ. ನೀರಿನ ಮೋಟರ್ ಆಫ್ ಮಾಡಿದ್ರಾ?” ಅಂದಳು.

(ಮಾಡಿರಲಿಲ್ಲ. ಮಹಡಿಯ ಟ್ಯಾಂಕಿನಿಂದ ಆಗಲೇ ಒಂದು ಸಣ್ಣ ಜಲಪಾತ ಇಳಿಯುತ್ತಿತ್ತು. ಲೋಕದ ಅನ್ಯಾಯಗಳ ವಿರುದ್ಧ ಟೊಂಕ ಕಟ್ಟಿ ನಿಂತವನಿಗೆ ಮೋಟರಿನ ನೆನಪು ಎಲ್ಲಿಂದ ಬರಬೇಕು?)

ನಾನು ಹಗಲೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ‘ಚಾಟಿ’ ಎಂಬ ಅಂಕಣ ಬರೆಯುವವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಲೈಬ್ರರಿಯ ಏಣಿ ಹತ್ತಿದವನು. ತಪ್ಪು ಹುಡುಕುವುದು ವೃತ್ತಿ, ಹುಡುಕಿದ್ದನ್ನು ಊರಿಗೆಲ್ಲ ಸಾರುವುದು ಹವ್ಯಾಸ. ಓದುಗರು ಸಿಕ್ಕಾಗ, “ಈ ವಾರ ಖಾರ ಸ್ವಲ್ಪ ಜಾಸ್ತಿ ಆಯ್ತು ಸಾರ್” ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಕಿಲ್ಲ. ನನ್ನ ಹೆಂಡತಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಸೂಜಿ ಚುಚ್ಚುವ ಮೊದಲು ರೋಗಿಗಳಿಗೆ, “ಸ್ವಲ್ಪ ಚುರುಕ್ ಅನ್ನತ್ತೆ, ಅಷ್ಟೆ” ಎಂದು ಸಮಾಧಾನ ಹೇಳುತ್ತಾಳಂತೆ. ಮನೆಯಲ್ಲಿ ನನಗೆ ಚುಚ್ಚುವಾಗ ಆ ಸೌಜನ್ಯವೂ ಇಲ್ಲ.

ಈಗ ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ‘ಮೇಕೆ ಮೇಷ್ಟ್ರು’ ಎಂಬ ತೆಳ್ಳಗಿನ ಮಕ್ಕಳ ಪುಸ್ತಕ ನಮ್ಮ ಮನೆಯಲ್ಲಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ನಾನು ಓದಲು ಕಲಿತದ್ದು ಅದರಲ್ಲಿ. ಮೇಷ್ಟ್ರೇ ಇಲ್ಲದ ಒಂದು ಶಾಲೆ. ಗೊತ್ತಾದರೆ ತಪಾಸಣೆಯ ಸಾಹೇಬರು ಬೀಗ ಹಾಕಿಸುತ್ತಾರೆ ಎಂದು ಹೆದರಿದ ಮಕ್ಕಳು, ದಾರಿ ತಪ್ಪಿ ಒಳಗೆ ಬಂದ ಮೇಕೆಗೆ ದುಂಡು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಸಾಹೇಬರು ಬಂದು ನೋಡಿ, ಶಾಲೆ ಮುಚ್ಚತಕ್ಕದ್ದು ಎಂದು ವರದಿ ಬರೆಯುತ್ತಾರೆ. ಪುಟ ತಿರುವಿದರೆ ಒಂದೇ ಸಾಲು: ‘ಮೇಕೆ ವರದಿಯನ್ನು ತಿಂದಿತು.’ ಶಾಲೆ ಉಳಿಯುತ್ತದೆ. ಕೊನೆಯ ಪುಟದಲ್ಲಿ ಮೇಕೆ ಇಲ್ಲ, ಖಾಲಿ ಕುರ್ಚಿಯ ಚಿತ್ರ ಮಾತ್ರ ಇದೆ. ಆ ಕುರ್ಚಿ ಕಂಡರೆ ಪುಸ್ತಕ ಮುಚ್ಚಲು ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ.

ಈ ಪುಸ್ತಕವನ್ನು ನನ್ನ ಮಗಳಿಗೆ ನಾನೇ ಓದಿ ಹೇಳುತ್ತೇನೆ. ಅವಳಿಗೆ ಏಳು ವರ್ಷ. ಮನೆಯಲ್ಲಿ ಅವಳ ಹೆಸರು ಚಿನಕುರುಳಿ, ಯಾಕೆಂದು ಅವಳು ಬಾಯಿ ತೆರೆದರೆ ತಿಳಿಯುತ್ತದೆ. ‘ಮೇಕೆ ವರದಿಯನ್ನು ತಿಂದಿತು’ ಎಂಬಲ್ಲಿಗೆ ಬಂದಾಗಲೆಲ್ಲ ಅವಳು ಹೊಟ್ಟೆ ಹಿಡಿದುಕೊಂಡು ಹಾಸಿಗೆಯ ಮೇಲೆ ಉರುಳಾಡುತ್ತಾಳೆ. ನಾನು ಓದು ನಿಲ್ಲಿಸಿ, ಇದು ನಗುವ ಸಾಲಲ್ಲ ಮಗು, ಯೋಚಿಸುವ ಸಾಲು, ಅಧಿಕಾರದ ಕಾಗದ ಎಷ್ಟೇ ದೊಡ್ಡದಾದರೂ ಕೊನೆಗೆ ಅದು ಬರೀ ಕಾಗದ ಎಂಬ ಗಹನವಾದ ತತ್ವ ಇದರಲ್ಲಿದೆ ಎಂದು ತಿಳಿಹೇಳುತ್ತೇನೆ. ಅವಳು ನನಗೋಸ್ಕರ ಯೋಚಿಸುವ ಮುಖ ಮಾಡುತ್ತಾಳೆ. ಆಮೇಲೆ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಾಳೆ.

ಇಂಥ ಪುಸ್ತಕವನ್ನು ಸಿನಿಮಾ ಮಾಡಿದರು. ಹೆಂಡತಿಯ ಫೋನಿನಲ್ಲಿ ಅದರ ತುಣುಕು ಬಂತು. ಮೇಕೆ ಕಾಲಿಗೆ ಗಾಲಿ ಕಟ್ಟಿಕೊಂಡು ಕಾರಿಡಾರಿನಲ್ಲಿ ಜಾರುತ್ತಿದೆ. ಸಾಹೇಬರು ಸುಣ್ಣದ ಡ್ರಮ್ಮಿಗೆ ಬೀಳುತ್ತಿದ್ದಾರೆ. ಮೇಜು ಕುರ್ಚಿಗಳೆಲ್ಲ ಕುಣಿಯುತ್ತಿವೆ. ಕೆಳಗೆ ಬರೆದಿತ್ತು: ‘ಮಕ್ಕಳಿಗೂ ದೊಡ್ಡವರಿಗೂ ಒಂದೇ ನಗೆಹಬ್ಬ.’ ನನ್ನ ರಕ್ತ ಕುದಿಯಿತು. (ಆಗ ತೆಗೆದಿದ್ದರೆ ಲ್ಯಾಬಿನ ಗಾಜಿನ ಕೊಳವೆ ಸಿಡಿಯುತ್ತಿತ್ತು.) ಮಕ್ಕಳಿಗೆ ಬುದ್ಧಿಯಿಲ್ಲ ಎಂದು ನಂಬಿದವರು ಮಾತ್ರ ಮಕ್ಕಳ ಮುಂದೆ ಹೀಗೆ ಬಿದ್ದು ಏಳುತ್ತಾರೆ. ಅವತ್ತೇ ಕೂತು ಬರೆದೆ. ಬರೆಯುತ್ತ ಬರೆಯುತ್ತ ಪೆನ್ನು ಬಿಸಿಯಾಗಿ, ಕೊನೆಯ ಸಾಲು ತಾನಾಗಿಯೇ ಬಂತು: “ಬುದ್ಧಿಯಿರುವ ಒಬ್ಬನೇ ಒಬ್ಬ ವಯಸ್ಕ ಈ ಚಿತ್ರ ನೋಡಿ ಮನಸಾರೆ ನಕ್ಕರೆ, ನಾನು ನನ್ನ ಮೀಸೆ ಬೋಳಿಸುತ್ತೇನೆ.”

ಇಲ್ಲಿ ನನ್ನ ಮೀಸೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅದಕ್ಕೆ ಅಗೌರವ. ಅದು ಬಾಗಿಲಿಗೆ ಕಟ್ಟಿದ ತೋರಣದಂತೆ ತುಟಿಯ ಮೇಲೆಲ್ಲ ಹರಡಿ, ಎರಡೂ ಕಡೆ ಮೇಲಕ್ಕೆ ತಿರುಗಿ, ಎದುರಿನವರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸುವಂಥದ್ದು. ಕೆಳಗೆ ಗಲ್ಲದ ತುದಿಯಲ್ಲಿ ಒಂದು ಚೂಪು ಗಡ್ಡವೂ ಇದೆ. ಆದರೆ ಅರಮನೆಯ ಮುಂದೆ ನಿಂತ ಕಾವಲುಗಾರನನ್ನು ಯಾರು ನೋಡುತ್ತಾರೆ?

ಅಂಕಣ ಅಚ್ಚಾದ ದಿನ ಹೆಂಡತಿ ಪತ್ರಿಕೆ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

“ರೀ, ಮೀಸೆಯನ್ನ ಪಣಕ್ಕಿಟ್ಟಿದ್ದೀರಲ್ಲ, ನನ್ನ ಒಂದು ಮಾತು ಕೇಳಿದ್ರಾ?”

“ನನ್ನ ಮೀಸೆಗೆ ನಿನ್ನನ್ನ ಯಾಕೆ ಕೇಳ್ಬೇಕು?”

“ನಿಮ್ಮನ್ನ ಒಪ್ಪಿಕೊಂಡಿದ್ದೇ ಆ ಮೀಸೆ ನೋಡಿ. ಉಳಿದದ್ದೆಲ್ಲ ಆಮೇಲೆ ತಾನೆ ಗೊತ್ತಾಗಿದ್ದು.”

ನಮ್ಮ ಜೊತೆಯಲ್ಲೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಕಿಟಕಿಯ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿದ್ದರು. “ಅಳಿಯಂದ್ರ ಮುಖದಲ್ಲಿ ನೋಡೋ ಹಾಗಿರೋದು ಅದೊಂದೇ” ಎಂದು ಮಗಳ ಪರ ಸಾಕ್ಷಿ ನುಡಿದರು. ನಾನು ಜಗ್ಗಲಿಲ್ಲ. ಯಾರ ಮೀಸೆಗೂ ಅಪಾಯವಿಲ್ಲ, ಯಾಕೆಂದರೆ ಯಾವ ಬುದ್ಧಿವಂತನೂ ನಗುವುದಿಲ್ಲ, ಬೇಕಾದರೆ ಎಲ್ಲರೂ ಒಟ್ಟಿಗೇ ಹೋಗಿ ನೋಡೋಣ, ನಾನು ನ್ಯಾಯಾಧೀಶನಾಗಿ ಬರುತ್ತೇನೆ ಎಂದು ಘೋಷಿಸಿದೆ. ಚಿನಕುರುಳಿ ಕುಣಿದಾಡಿದಳು. ಆಮೇಲೆ ಅನುಮಾನ ಬಂದು, “ಅಪ್ಪಾ, ನಾನು ನಗಬಹುದಾ?” ಅಂದಳು. ಪಣದಲ್ಲಿ ವಯಸ್ಕರು ಎಂದಿದೆ, ನಿನಗೆ ಸಂಪೂರ್ಣ ವಿನಾಯಿತಿ ಎಂದೆ. ಹೆಂಡತಿ ಮತ್ತು ಅತ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಗಮನಿಸಿದೆ. ಅರ್ಥ ಮಾಡಿಕೊಳ್ಳಲಿಲ್ಲ.

ರಜೆಯ ದಿನದ ಮಧ್ಯಾಹ್ನದ ಆಟ. ಚಿತ್ರಮಂದಿರ ಕಿಕ್ಕಿರಿದಿತ್ತು. ಸಾಲಿನ ತುದಿಯಲ್ಲಿ ನಾನು, ನನ್ನ ಪಕ್ಕ ಚಿನಕುರುಳಿ, ಆಚೆಗೆ ಹೆಂಡತಿ, ಅದರಾಚೆಗೆ ಅತ್ತೆ. ದೀಪ ಆರಿತು. ನಾನು ಪರದೆಗೆ ಅರ್ಧ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತೆ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಕೂರುವ ಹಾಗೆ.

ಮೇಕೆ ಜಾರಿತು. ಮಕ್ಕಳು ನಕ್ಕರು, ಅದು ಲೆಕ್ಕಕ್ಕಿಲ್ಲ. ನಮ್ಮ ಮುಂದಿನ ಸಾಲಿನ ದಢೂತಿ ಮನುಷ್ಯನೂ ನಕ್ಕ. ಬಗ್ಗಿ ನೋಡಿದರೆ ಅವನು ಚಪ್ಪಲಿ ಬಿಚ್ಚಿ, ಕಾಲನ್ನು ಇನ್ನೊಬ್ಬರ ಸೀಟಿನ ಬೆನ್ನಿಗೆ ಒರಗಿಸಿದ್ದ. ಇವನಿಗೆ ಬುದ್ಧಿಯಿದೆ ಎನ್ನಲು ಸಾಧ್ಯವೇ? ವಜಾ. ಆಚೆ ಒಬ್ಬ ಹೆಂಗಸು ಕಿಲಕಿಲ ನಕ್ಕಳು, ಆದರೆ ಕೈಯಲ್ಲಿ ಫೋನ್ ಬೆಳಗುತ್ತಿತ್ತು. ಅದನ್ನು ನೋಡಿ ನಕ್ಕಿರಬಹುದು. ಸಂಶಯದ ಲಾಭ ಮೀಸೆಗೆ. ಕೈ ಕೈ ಹಿಡಿದು ನಗುತ್ತಿದ್ದ ಒಂದು ಮುದಿ ಜೋಡಿ ಕಂಡಿತು. ಆ ವಯಸ್ಸಿನಲ್ಲಿ ಕೈ ಹಿಡಿದು ಕೂತವರು ಏನು ಕಂಡರೂ ನಗುತ್ತಾರೆ. ಇಬ್ಬರೂ ವಜಾ. ಸ್ವಲ್ಪ ಚಿಂತೆಯಾದದ್ದು ಟೈ ಕಟ್ಟಿದ್ದ ಒಬ್ಬರು ಸಭ್ಯಸ್ಥರಿಂದ. ಮುಖದಲ್ಲಿ ವಿದ್ಯೆಯ ಕಳೆಯಿತ್ತು. ಅವರು ಕುರ್ಚಿಯಿಂದ ಕೆಳಗೆ ಜಾರುವಷ್ಟು ನಕ್ಕರು. ನಾನು ಮೀಸೆ ಮುಟ್ಟಿ ನೋಡಿಕೊಂಡೆ. ಪುಣ್ಯಕ್ಕೆ ಅವರು ನೆಲದ ಮೇಲೆ ಚೆಲ್ಲಿದ ಪಾಪ್‌ಕಾರ್ನ್ ಆರಿಸಿ ಬಾಯಿಗೆ ಹಾಕಿಕೊಂಡರು. ವಜಾ!

ನನ್ನ ಹೆಮ್ಮೆ ಎಂದರೆ ನನ್ನ ಮನೆಯವರು. ಮಗಳು ನಗುತ್ತಿದ್ದಳು, ಸರಿ. ಆದರೆ ಹೆಂಡತಿ ಕಲ್ಲಿನ ಹಾಗೆ ಕೂತಿದ್ದಳು. ಅತ್ತೆಯಂತೂ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿಯೇ ಬಿಟ್ಟಿದ್ದರು. ಇಂಥದ್ದನ್ನು ನೋಡಲಾರೆ ಎಂಬ ಅವರ ಸಂಕಟ ನನಗೆ ಕತ್ತಲಲ್ಲೂ ಕಾಣುತ್ತಿತ್ತು. ಇವರ ಅಭಿರುಚಿಯ ಬಗ್ಗೆ ಇಷ್ಟು ವರ್ಷ ತಪ್ಪು ತಿಳಿದಿದ್ದೆನಲ್ಲ ಎಂದು ಮನಸ್ಸು ತುಂಬಿ ಬಂತು.

ಮಧ್ಯಂತರದಲ್ಲಿ ದೀಪ ಹತ್ತಿದಾಗ ಹೆಂಡತಿಯ ಮುಖ ಕೆಂಪಗೆ ಊದಿಕೊಂಡಿತ್ತು. ಕಣ್ಣಲ್ಲಿ ನೀರು. ಅತ್ತೆಯ ಶಾಲಿನ ತುದಿ ಒದ್ದೆ ಮುದ್ದೆ. ಒಂದು ಒಳ್ಳೆಯ ಪುಸ್ತಕಕ್ಕೆ ಆದ ಗತಿ ಕಂಡು ಅತ್ತಿದ್ದಾರೆ. ನಾನು ಎದ್ದು ನಿಂತು, ಇದು ಸಂಸ್ಕಾರ, ಇದು ವಿವೇಕ, ನಿಮ್ಮಂಥವರು ಮನೆಗೊಬ್ಬರಿದ್ದರೆ ಇಂಥ ಸಿನಿಮಾಗಳಿಗೆ ಉಳಿಗಾಲವಿಲ್ಲ ಎಂದು ಶುರು ಮಾಡಿದೆ. ಹೆಂಡತಿ ಬಾಯಿ ತೆರೆಯಲಿಲ್ಲ. ಕೈಸನ್ನೆ ಮಾಡಿ, ತಾಯಿಯನ್ನು ಎಳೆದುಕೊಂಡು ಶೌಚಾಲಯದ ಕಡೆ ಓಡಿಯೇಬಿಟ್ಟಳು. ಮುಚ್ಚಿದ ಬಾಗಿಲಿನ ಹಿಂದಿನಿಂದ, ಕಾರಿಡಾರಿನವರೆಗೂ, ಯಾರೋ ಉಸಿರುಗಟ್ಟಿದ ಹಾಗೆ, ಗೋಡೆಗೆ ಗುದ್ದಿದ ಹಾಗೆ ವಿಚಿತ್ರ ಸದ್ದು ಕೇಳಿಸಿತು. ಪಾಪ, ವಾಂತಿಯೇ ಬಂದುಬಿಟ್ಟಿದೆ. ಒಂದು ಸಿನಿಮಾದ ವಿರುದ್ಧ ಇದಕ್ಕಿಂತ ದೊಡ್ಡ ವಿಮರ್ಶೆ ಯಾರು ಬರೆದಾರು? ಮುಂದಿನ ವಾರದ ‘ಚಾಟಿ’ಗೆ ಮೊದಲ ಸಾಲು ಅಲ್ಲೇ ಹೊಳೆಯಿತು.

ಮಧ್ಯಂತರ ಮುಗಿದು ಮತ್ತೆ ಕೂತೆವು. ಈಗ ನಾನು ನಿಶ್ಚಿಂತ. ಇಡೀ ಚಿತ್ರಮಂದಿರವನ್ನು ವಜಾ ಮಾಡಿಯಾಗಿತ್ತು, ಮನೆಯವರು ಗೆದ್ದಿದ್ದರು. ಹಾಗಾಗಿ ಮೊದಲ ಸಲ ಪರದೆಯ ಕಡೆ ತಿರುಗಿದೆ. ಅದೇ ತಪ್ಪಾಯಿತು.

ಪರದೆಯ ಮೇಲೆ ಸಾಹೇಬರು ಬಂದಿದ್ದರು. ದಟ್ಟ ಮೀಸೆ. ಉದ್ದನೆಯ ವರದಿಯನ್ನು ಸುರುಳಿ ಬಿಚ್ಚಿ, ಮೇಕೆ ಮೇಷ್ಟ್ರ ಎದುರು ನಿಂತು ಗಟ್ಟಿಯಾಗಿ ಓದತೊಡಗಿದರು. ಈ ಶಾಲೆಯಲ್ಲಿ ಶಿಸ್ತಿಲ್ಲ. ಈ ಶಾಲೆಯಲ್ಲಿ ಗಾಂಭೀರ್ಯವಿಲ್ಲ. ಇಲ್ಲಿ ನಗು ಅತಿಯಾಗಿದೆ, ನಗುವಿನಿಂದ ನಾಡು ಉದ್ಧಾರವಾದದ್ದುಂಟೇ? ನನಗೆ ರೋಮಾಂಚನವಾಯಿತು. ಅಂತೂ ಈ ಚಿತ್ರದಲ್ಲಿ ಒಬ್ಬ ವಿಚಾರವಂತ ಸಿಕ್ಕಿದ. ವಾಕ್ಯಗಳ ಓಘವಂತೂ ನನ್ನದೇ. ನಾನು ಒಪ್ಪಿಗೆಯಿಂದ ತಲೆಯಾಡಿಸಿದೆ. ಪರದೆಯ ಮೇಲೆ ಮೇಕೆಯೂ ದುಂಡು ಕನ್ನಡಕದೊಳಗಿಂದ ನೋಡುತ್ತ, ಬಹಳ ಗೌರವದಿಂದ ತಲೆಯಾಡಿಸಿತು. ಇಬ್ಬರೂ ಒಂದೇ ತಾಳದಲ್ಲಿ.

ಆಮೇಲೆ ಮೇಕೆ ವರದಿಯ ಕೆಳತುದಿಯನ್ನು ಬಾಯಿಗೆ ಹಾಕಿಕೊಂಡಿತು.

ತಲೆಯಾಡಿಸುವುದನ್ನು ನಿಲ್ಲಿಸಲಿಲ್ಲ. ಸಾಹೇಬರು ಓದುತ್ತಿದ್ದಾರೆ, ಅದು ಕೆಳಗಿನಿಂದ ಮೇಯುತ್ತ ಬರುತ್ತಿದೆ. ಅವರಿಗೆ ಗೊತ್ತಾಯಿತು. ಆದರೆ ಓದುವುದನ್ನು ನಿಲ್ಲಿಸಿದರೆ ಮರ್ಯಾದೆಯ ಪ್ರಶ್ನೆ. ಜೋರಾಗಿ ಓದಿದರು. ಮೇಕೆ ಜೋರಾಗಿ ಮೇಯ್ದಿತು. ಉಳಿದ ಸಾಲುಗಳಾದರೂ ಕೈತಪ್ಪಬಾರದೆಂದು ಅವರು ಉಸಿರು ಬಿಡದೆ ಓಡುತ್ತಿದ್ದರೆ, ಅದು ಉಸಿರು ಬಿಡದೆ ಅಗಿಯುತ್ತಿದೆ. ಕೊನೆಗೆ ಮೂಗಿಗೆ ಮೂಗು ತಾಗಿ ಇಬ್ಬರೂ ನಿಂತರು. ನಡುವೆ ಉಳಿದಿದ್ದದ್ದು ವರದಿಯ ಮೇಲ್ತುದಿಯಲ್ಲಿ ಮೇಷ್ಟ್ರಿಗೆಂದು ಬರೆದಿದ್ದ ಒಂದೇ ಪದ: ‘ಸಹಿ’. ಮೇಕೆ ಅದನ್ನು ತಿನ್ನಲಿಲ್ಲ. ಕಾಲನ್ನು ಶಾಯಿಯಲ್ಲಿ ಅದ್ದಿ, ಅದರ ಮೇಲೆ ಒತ್ತಿತು.

ಮುಂದಿನದು ಹೇಗಾಯಿತೋ ನನಗೆ ಗೊತ್ತಿಲ್ಲ. ಹೊಟ್ಟೆಯ ತಳದಲ್ಲಿ ಏನೋ ಮಿಸುಕಿತು. ವರ್ಷಗಟ್ಟಲೆ ಮೂಲೆಯಲ್ಲಿ ನಿಲ್ಲಿಸಿದ್ದ ಸ್ಕೂಟರನ್ನು ಒದ್ದಾಗ ಆಗುವ ಹಾಗೆ ಮೊದಲು ಒಂದು ಗುರ್, ಇನ್ನೊಂದು ಗುರ್, ಮೂಗಿನಿಂದ ಸ್ವಲ್ಪ ಗಾಳಿ, ಆಮೇಲೆ ಒಮ್ಮೆಲೇ ಹತ್ತಿಕೊಂಡಿತು. ಇಡೀ ಚಿತ್ರಮಂದಿರ ನಕ್ಕು ಸುಸ್ತಾಗಿ ಸುಮ್ಮನಾದ ಮೇಲೂ ನನ್ನದೊಂದು ಉಳಿದಿತ್ತು: “ಬ್ಯಾ-ಹ್ಹೆ-ಹ್ಹೆ-ಹ್ಹೆ.” ಮುಂದಿನ ಸಾಲುಗಳ ಮಕ್ಕಳೆಲ್ಲ ಮೇಕೆ ಸಭಾಂಗಣಕ್ಕೇ ಬಂದಿದೆಯೆಂದು ತಿರುಗಿ ನೋಡಿದರು. ಕನ್ನಡಕ ಮೂಗಿನಿಂದ ಮಡಿಲಿಗೆ ಹಾರಿತ್ತು. ಕಣ್ಣೀರು ಮೀಸೆಯ ಮೇಲೆ ಇಳಿಯುತ್ತಿತ್ತು. ಆ ಮೀಸೆಯ ಪಾಲಿನ ಕೊನೆಯ ಅಭಿಷೇಕ.

ಆ ನಿಶ್ಶಬ್ದದಲ್ಲಿ ಚಿನಕುರುಳಿಯ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

“ಅಮ್ಮಾ, ಅಪ್ಪ ನಕ್ಬಿಟ್ರು.”

ಹೆಂಡತಿ ಬಗ್ಗಿ ನನ್ನ ಮುಖ ನೋಡಿದಳು. ಅತ್ತೆ ಬಾಯಿಯಿಂದ ಶಾಲು ತೆಗೆದರು. ಆಮೇಲೆ ತಾಯಿ ಮಗಳಿಬ್ಬರೂ, ಮೊದಲಿನಿಂದ ಹಲ್ಲು ಕಚ್ಚಿ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಬಿಟ್ಟರು. ಆಗ ನನಗೆ ಊದಿದ ಮುಖ, ಒದ್ದೆ ಶಾಲು, ಶೌಚಾಲಯದ ಗೋಡೆಗೆ ಬಿದ್ದ ಗುದ್ದು ಎಲ್ಲದರ ಅರ್ಥವಾಯಿತು. ಪಾಪದ ಜೀವಗಳು, ನನ್ನ ಮೀಸೆ ಉಳಿಸಲು ಅಷ್ಟು ಹೊತ್ತು ನಗುವನ್ನು ನುಂಗಿದ್ದವು. ಮೀಸೆಯ ಯಜಮಾನನೇ ಅದನ್ನು ಹಳ್ಳಕ್ಕೆ ತಳ್ಳಿದ್ದ.

ಒಂದು ಮಾತು ಒಪ್ಪಿಕೊಳ್ಳಬೇಕು. ಕೊನೆಯಲ್ಲಿ ಆ ಖಾಲಿ ಕುರ್ಚಿ ಬಂತು. ಅದನ್ನು ಅವರು ಮುಟ್ಟಿರಲಿಲ್ಲ. ಹಾಡಿಲ್ಲ, ಕುಣಿತವಿಲ್ಲ, ಬರೀ ಕುರ್ಚಿ. ಅಷ್ಟೂ ಮಕ್ಕಳು ಗಪ್‌ಚುಪ್. ಚಿನಕುರುಳಿ ನನ್ನ ಕೈಬೆರಳು ಹಿಡಿದುಕೊಂಡಳು. ಅದುವರೆಗೆ ನಕ್ಕದ್ದಕ್ಕೇ ಆ ಕುರ್ಚಿ ಅಷ್ಟು ಖಾಲಿಯಾಗಿ ಕಂಡಿತೋ ಏನೋ. (ಇದನ್ನು ‘ಚಾಟಿ’ಯಲ್ಲಿ ಬರೆಯುವ ಧೈರ್ಯ ನನಗಿಲ್ಲ.)

ಮನೆಗೆ ಬಂದ ತಕ್ಷಣ ಊಟದ ಮೇಜಿನ ಸುತ್ತ ನ್ಯಾಯಾಲಯ ಸೇರಿತು. ಅದು ಕೆಮ್ಮು ಎಂದು ನಾನು ಮಂಡಿಸಿದ ವಾದವನ್ನು ಮಗಳೇ ತಳ್ಳಿಹಾಕಿದಳು. ಕೆಮ್ಮುವವರು ಪಕ್ಕದ ಸೀಟಿನವರ ತೊಡೆ ತಟ್ಟುವುದಿಲ್ಲವಂತೆ. ನಾನು ತಲೆ ತಗ್ಗಿಸಿ, ಅಚ್ಚಾದ ಮಾತು ಅಚ್ಚಾದ ಮಾತೇ, ರೇಜರ್ ಕೊಡು ಎಂದೆ.

ಹೆಂಡತಿ ಪತ್ರಿಕೆ ಬಿಡಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ದನಿ ತೀರ ಮೃದುವಾಗಿತ್ತು. ಸೂಜಿ ಬರುವುದಿದೆ ಎಂದು ನನಗೆ ತಿಳಿಯಬೇಕಿತ್ತು.

“ಬೋಳಿಸೋದೇನೂ ಬೇಡ ಕಣ್ರೀ. ‘ಬುದ್ಧಿಯಿರುವ ವಯಸ್ಕ’ ಅಂತ ಬರೆದಿದ್ದೀರ. ನಕ್ಕಿದ್ದು ನೀವು. ಪಣ ನಿಮಗೆ ಹೇಗೆ ಅನ್ವಯ ಆಗತ್ತೆ?”

“ಏನು ಹಾಗಂದ್ರೆ?”

“ಸ್ವಲ್ಪ ಚುರುಕ್ ಅನ್ನತ್ತೆ, ಅಷ್ಟೆ. ಮೀಸೆ ಉಳಿಬೇಕು ಅಂದ್ರೆ ಬುದ್ಧಿ ಇಲ್ಲ ಅಂತ ಒಪ್ಕೊಳ್ಳಿ. ಬುದ್ಧಿ ಇದೆ ಅಂತಾದ್ರೆ ಬೋಳಿಸಿ.”

ನಾನು ನೆರವಿಗಾಗಿ ಅತ್ತೆಯ ಕಡೆ ನೋಡಿದೆ. ಅವರು ಬಹಳ ಹೊತ್ತು ಯೋಚಿಸಿ, ನನ್ನ ಕೈ ಮೇಲೆ ಕೈಯಿಟ್ಟರು. “ಮೀಸೇನೇ ಇಟ್ಕೊಳ್ಳಿ ಅಳಿಯಂದ್ರೆ. ಬುದ್ಧಿ ವಿಷಯ ನಾವು ಹೊರಗೆ ಯಾರಿಗೂ ಹೇಳಲ್ಲ.”

ಇಷ್ಟು ಕೇಳಿದ ಮೇಲೆ ಯಾವ ಗಂಡಸಿಗೆ ಮೀಸೆ ಇಟ್ಟುಕೊಳ್ಳಲು ಸಾಧ್ಯ? ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿದೆ. ಹೊರಗಿನಿಂದ ಹೆಂಡತಿ, “ಗಡ್ಡಾನೂ ತೆಗೆದುಬಿಡಿ ರೀ, ಅದೊಂದೇ ಉಳಿದ್ರೆ ಚೆನ್ನಾಗಿರಲ್ಲ” ಎಂದು ಕೂಗಿದಳು. ಸೋತವನ ಮೇಲೆ ಇನ್ನೊಂದು ಷರತ್ತು. ನನ್ನ ಆತ್ಮಸಾಕ್ಷಿ ಸೆಟೆದು ನಿಂತಿತು. ಮೀಸೆ ಬೋಳಿಸುತ್ತೇನೆ ಎಂದು ಬರೆದಿದ್ದೆ, ಗಡ್ಡದ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಬರೆದದ್ದಕ್ಕಿಂತ ಕಡಿಮೆ ಮಾಡುವುದು ಸುಳ್ಳು, ಹೆಚ್ಚು ಮಾಡುವುದೂ ಸುಳ್ಳೇ. ಮೀಸೆಯನ್ನು ಮಾತ್ರ, ಒಂದು ಕೂದಲೂ ಉಳಿಯದ ಹಾಗೆ, ಬೋಳಿಸಿದೆ. ಮುಖ ಒರೆಸಿ, ಕನ್ನಡಕ ಏರಿಸಿ, ಸೋತರೂ ಮಾತು ಉಳಿಸಿಕೊಂಡ ವೀರನ ಗತ್ತಿನಲ್ಲಿ ಬಾಗಿಲು ತೆರೆದೆ.

ಮೂವರೂ ಎದುರಿಗೇ ನಿಂತಿದ್ದರು. ಅತ್ತೆಯ ಕೈ ನಿಧಾನವಾಗಿ ಶಾಲಿನ ತುದಿಯನ್ನು ಹುಡುಕಿತು. ಹೆಂಡತಿ ಗೋಡೆಯ ಕಡೆ ತಿರುಗಿದಳು, ಅವಳ ಭುಜ ಅಲುಗುತ್ತಿತ್ತು. ನಾನು ಬಚ್ಚಲಿನ ಕನ್ನಡಿಯ ಕಡೆ ತಿರುಗಿ ನೋಡಿದೆ. ದುಂಡು ಕನ್ನಡಕ. ಬೋಳು ಮೇಲ್ತುಟಿ. ಕೆಳಗೆ, ಅರಮನೆ ಉರುಳಿದ ಮೇಲೂ ಒಬ್ಬನೇ ನಿಂತ ಕಾವಲುಗಾರನ ಹಾಗೆ, ಆ ಚೂಪು ಗಡ್ಡ.

ಚಿನಕುರುಳಿ ಮಾತ್ರ ನಗಲಿಲ್ಲ. ಅಂಗೈ ಜೋಡಿಸಿ, ಶಾಲೆಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತು, “ನಮಸ್ತೆ ಮೇಷ್ಟ್ರೇ” ಅಂದಳು. ಒಳಗೆ ಓಡಿಹೋಗಿ ‘ಚಾಟಿ’ ಅಚ್ಚಾಗಿದ್ದ ಪತ್ರಿಕೆ ತಂದು, ನನ್ನ ಎದುರು ಕುರ್ಚಿ ಹತ್ತಿ ನಿಂತು, ಸಾಹೇಬರ ಗಂಟಲಿನಲ್ಲಿ ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಒಂದು ಪುಸ್ತಕವನ್ನು ಕೊಲ್ಲಬೇಕೆಂದರೆ ಸುಡಬೇಕಾಗಿಲ್ಲ... ಓದುತ್ತ ಓದುತ್ತ ಹಾಳೆಯ ಕೆಳತುದಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ಕಣ್ಣುಗಳು ಹಾಳೆಯ ಮೇಲಿನಿಂದ ನನ್ನನ್ನೇ ಕಾಯುತ್ತಿದ್ದವು.

ನಾನು ಗೌರವದಿಂದ ತಲೆಯಾಡಿಸಿದೆ. ಬಗ್ಗಿದೆ. ಕೊನೆಯ ಸಾಲಿನಿಂದ ಶುರು ಮಾಡಿದೆ, ಮೀಸೆಯ ವಿಷಯ ಇರುವುದು ಅಲ್ಲೇ.

ಓದುಗರು ಸುಮ್ಮನೆ ಹೊಗಳುತ್ತಿದ್ದರು. ಅಂಥ ಖಾರವೇನೂ ಇರಲಿಲ್ಲ.